ಬಳ್ಳಾರಿ ಕಂಟೋನ್ಮೆಂಟ್‌ನಿಂದ ಗೋವೆಯ ಕಡಲಿಗೆ

ಬಳ್ಳಾರಿಯ ಕಂಟೋನ್ಮೆಂಟ್, ಅಂದರೆ ಬ್ರಿಟಿಷರ ಕಾಲದಲ್ಲಿ ಸೈನ್ಯದ ವಸತಿಗೆಂದು ಹಳೆಯ ಊರಿನಿಂದ ಬೇರೆಯಾಗಿ ಬೆಳೆದ ದಂಡುಪ್ರದೇಶ, ಎರಡೂ ಕಡಲುಗಳಿಗೆ ದೂರವಾದ ಬಯಲುಸೀಮೆಯ ನೆಲ. 1800ರಲ್ಲಿ ಹೈದರಾಬಾದಿನ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಹಸ್ತಾಂತರವಾಗಿ, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಮದರಾಸಿನ ಆಡಳಿತದಲ್ಲಿದ್ದ ಈ ಪಟ್ಟಣ, ಕಚೇರಿಯ ಕಾಗದಪತ್ರಗಳಿಗಾಗಿ ಪೂರ್ವದ ಕಡಲನ್ನೇ ನೋಡುತ್ತಿತ್ತು. ಆದರೆ ಕುದುರೆ, ಅದಿರು, ಕಲ್ಲಿದ್ದಲು, ಕೂಲಿ ಇವುಗಳ ಸಂಚಾರದ ಜಾಡನ್ನು ಹಿಡಿದರೆ ಬಳ್ಳಾರಿಯ ಕಡಲು ಇರುವುದು ಪಶ್ಚಿಮದಲ್ಲಿ, ಗೋವೆಯ ದಂಡೆಯಲ್ಲಿ. ಈ ಜಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟ ಪ್ರವಾಸಿಗೆ ಗೋವೆ ಪರದೇಶದ ಛಾಯೆಯ ಮೋಜಿನ ತಾಣವಾಗಿ ಮಾತ್ರ ಕಾಣುವುದಿಲ್ಲ. ಅವನ ಊರಿನ ಇತಿಹಾಸದ ಇನ್ನೊಂದು ಕೊನೆಯಾಗಿ ಕಾಣುತ್ತದೆ.

ಗೋವೆಯನ್ನು ಮೆಡಿಟರೇನಿಯನ್ ಕಡಲತೀರಕ್ಕೆ ಹೋಲಿಸುವ ವಾಡಿಕೆಯಿದೆ. ಕೆಂಪು ಹೆಂಚಿನ ಮನೆಗಳು, ಹಳದಿ ಮತ್ತು ನೀಲಿ ಬಣ್ಣದ ಗೋಡೆಗಳು, ಇಗರ್ಜಿಯ ಮುಂದಿನ ಚೌಕಗಳು ಇವೆಲ್ಲ ದಕ್ಷಿಣ ಯುರೋಪನ್ನು ನೆನಪಿಗೆ ತರುವುದರಿಂದ ಈ ಹೋಲಿಕೆಗೆ ಆಧಾರವಿಲ್ಲದಿಲ್ಲ. ಋತುಮಾನದಲ್ಲಿ ಮಾತ್ರ ಎರಡೂ ತೀರಗಳು ತದ್ವಿರುದ್ಧ. ಮೆಡಿಟರೇನಿಯನ್ ವಾಯುಗುಣವೆಂದರೆ ಬೇಸಿಗೆ ಒಣಗಿ ಚಳಿಗಾಲದಲ್ಲಿ ಮಳೆಯಾಗುವುದು; ಕೊಂಕಣ ತೀರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿದು, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬಿಸಿಲು ಹದವಾಗಿರುತ್ತದೆ. ಬಳ್ಳಾರಿಯಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 500 ಮಿಲಿಮೀಟರ್ ಆದರೆ, ಗೋವೆಯಲ್ಲಿ ಅದರ ಐದಾರು ಪಟ್ಟು ಬೀಳುತ್ತದೆ. ಈ ಎರಡು ಲೋಕಗಳ ನಡುವೆ ಸಹ್ಯಾದ್ರಿ ನಿಂತಿದೆ, ಅದನ್ನು ದಾಟುವ ರೈಲುಹಾದಿಯೇ ಈ ಪ್ರವಾಸದ ಜೀವಾಳ.

ಗುಂತಕಲ್ ಕಡೆಯಿಂದ ಬಂದು ವಾಸ್ಕೊ ಡ ಗಾಮಾಕ್ಕೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್‌ನಂಥ ರೈಲನ್ನು ಬಳ್ಳಾರಿ ಜಂಕ್ಷನ್ನಿನಲ್ಲಿ ಹತ್ತಿದವರು ಕಂಟೋನ್ಮೆಂಟ್ ನಿಲ್ದಾಣವನ್ನು ದಾಟಿ ಕುಡತಿನಿ, ದರೋಜಿ, ತೋರಣಗಲ್ಲುಗಳ ಮೇಲಿಂದ ಹೊಸಪೇಟೆ ತಲುಪುತ್ತಾರೆ. ಎಡಗಡೆಗೆ ದೂರದಲ್ಲಿರುವ ಸಂಡೂರಿನ ಬೆಟ್ಟಗಳು ಹೆಮಟೈಟ್ ಎಂಬ ಉತ್ತಮ ಕಬ್ಬಿಣದ ಅದಿರಿನ ಖಜಾನೆ. ಇದೇ ಅದಿರಿನ ಅಕ್ರಮ ಗಣಿಗಾರಿಕೆಯ ಕುರಿತು 2011ರಲ್ಲಿ ಲೋಕಾಯುಕ್ತ ವರದಿ ಹೊರಬಿದ್ದು, ಅದೇ ವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಹೊಸಪೇಟೆಯ ಬಳಿಯ ಹಂಪಿಗೆ ಹದಿನಾರನೆಯ ಶತಮಾನದಲ್ಲಿ ಬಂದ ಪೋರ್ಚುಗೀಸರಾದ ಡೊಮಿಂಗೊ ಪಾಯೆಸ್ ಮತ್ತು ಫೆರ್ನಾವೊ ನೂನಿಜ್, ಇಂದಿನ ಪ್ರವಾಸಿ ಹೋಗುವ ದಿಕ್ಕಿಗೆ ಎದುರಾಗಿ, ಪಶ್ಚಿಮ ಕರಾವಳಿಯಿಂದ ಒಳನಾಡಿಗೆ ನಡೆದು ಬಂದವರು. ವಿಜಯನಗರದ ಅಶ್ವದಳಕ್ಕೆ ಬೇಕಾದ ಅರಬ್ಬಿ ಕುದುರೆಗಳು ಗೋವೆ, ಭಟ್ಕಳದಂಥ ಬಂದರುಗಳಲ್ಲಿ ಇಳಿಯುತ್ತಿದ್ದುದರಿಂದ, 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರೊಂದಿಗೆ ಸ್ನೇಹ ಕಾಯ್ದುಕೊಳ್ಳುವುದು ಕೃಷ್ಣದೇವರಾಯನಿಗೆ ಸೈನ್ಯದ ಅಗತ್ಯವೇ ಆಗಿತ್ತು. ರಾಯನು ನಾಗಲಾಪುರದ ಬಳಿ ಕಟ್ಟಿಸಿದ ಕೆರೆಯ ಕೆಲಸಕ್ಕೆ ಜೊವಾವೊ ಡೆ ಲಾ ಪೊಂಟೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದವನ ನೆರವು ದೊರೆಯಿತೆಂದು ನೂನಿಜ್ ಬರೆದಿದ್ದಾನೆ. ಯುರೋಪಿನ ಕಡಲಂಚಿನ ಕಸುಬುಗಾರನೊಬ್ಬನ ವಿದ್ಯೆ ಈ ಬರದ ಸೀಮೆಯ ನೀರಿಗೆ ಒದಗಿತ್ತೆಂಬುದು ಹೊಸಪೇಟೆಯಲ್ಲಿ ರೈಲು ನಿಂತಾಗ ನೆನೆಯಲೇಬೇಕಾದ ಸಂಗತಿ.

ಕೊಪ್ಪಳ, ಗದಗ, ಹುಬ್ಬಳ್ಳಿ, ಧಾರವಾಡಗಳ ಎರೆಭೂಮಿ ಮುಗಿದು ಅಳ್ನಾವರದಿಂದಾಚೆ ಕಾಡು ಸುರುವಾಗುತ್ತದೆ. ಬ್ರಿಟಿಷರಿಗೂ ಪೋರ್ಚುಗೀಸರಿಗೂ 1878ರಲ್ಲಿ ಆದ ಒಪ್ಪಂದದ ಫಲವಾಗಿ ಹುಟ್ಟಿದ ಈ ಮಾರ್ಗದಲ್ಲಿ, ಮುರ್ಮಗೋವಾ ಬಂದರಿನಿಂದ ಹೊರಟ ಪೋರ್ಚುಗೀಸ್ ರೈಲುಮಾರ್ಗವೂ ಬ್ರಿಟಿಷ್ ಸೀಮೆಯ ಸದರ್ನ್ ಮರಾಠಾ ರೈಲ್ವೆಯೂ 1880ರ ದಶಕದ ಕೊನೆಯಲ್ಲಿ ಕ್ಯಾಸಲ್‌ರಾಕ್‌ನಲ್ಲಿ ಕೂಡಿಕೊಂಡವು; ಮೀಟರ್‌ಗೇಜ್ ಆಗಿದ್ದ ಹಳಿಗಳು 1990ರ ದಶಕದಲ್ಲಿ ಬ್ರಾಡ್‌ಗೇಜ್‌ಗೆ ಬದಲಾದವು. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಯಾಗುವವರೆಗೆ ಕ್ಯಾಸಲ್‌ರಾಕ್ ಗಡಿಯ ನಿಲ್ದಾಣವಾಗಿತ್ತು. ಇಲ್ಲಿಂದ ಕುಳೆಂವರೆಗಿನ ಸುಮಾರು 26 ಕಿಲೋಮೀಟರ್ ಘಟ್ಟದ ಇಳಿಜಾರು 37 ಅಡಿಗೆ ಒಂದು ಅಡಿಯಷ್ಟು ಕಡಿದಾಗಿರುವ ಕಾರಣ, ಏರುವ ಗಾಡಿಗಳಿಗೆ ಹಿಂದಿನಿಂದ ನೂಕುವ ಹೆಚ್ಚುವರಿ ಎಂಜಿನ್‌ಗಳನ್ನು ಜೋಡಿಸಬೇಕಾಗುತ್ತದೆ. ಸುರಂಗಗಳ ನಡುವೆ ಸುಮಾರು 310 ಮೀಟರ್ ಎತ್ತರದಿಂದ ಹಂತಹಂತವಾಗಿ ಧುಮುಕುವ ದೂಧ್‌ಸಾಗರ ಜಲಪಾತದ ಎದುರಿನ ಸೇತುವೆಯ ಮೇಲೆ ರೈಲು ಸಾಗುವಾಗ ಬೋಗಿಯೇ ಎದ್ದು ಕಿಟಕಿಗಳ ಕಡೆಗೆ ಬರುತ್ತದೆ. ಆದ್ದರಿಂದ ಹಗಲು ಬೆಳಕಿನಲ್ಲಿ ಘಟ್ಟ ಇಳಿಯುವ ಗಾಡಿಯನ್ನೇ ಆರಿಸಿಕೊಳ್ಳುವುದು ವಿವೇಕ. ಈ ಕಾಡಿನ ನಡುವೆ ಎರಡನೆಯ ಹಳಿ ಹಾಸುವ ಯೋಜನೆಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಘಟ್ಟವನ್ನು ಕಣ್ಣಾರೆ ಕಂಡವರಿಗೆ ಆ ತೀರ್ಪಿನ ತೂಕ ಬೇಗ ಅರ್ಥವಾಗುತ್ತದೆ.

ಮಡಗಾಂವ್ ದಕ್ಷಿಣ ಗೋವೆಯ ದೊಡ್ಡ ಪಟ್ಟಣ. ಇಲ್ಲಿನ ಹಳೆಯ ಮನೆಗಳ ಗೋಡೆ ಜಂಬಿಟ್ಟಿಗೆಯದು. ಮುಂಬಾಗಿಲಿನ ಆಚೆ ಬೀದಿಗೆ ಮುಖಮಾಡಿ ಎರಡು ಕಡೆ ಕಲ್ಲಿನ ಆಸನಗಳಿರುವ ಮಾಡಿನ ಜಗಲಿಯನ್ನು ಬಾಲ್ಕಾವ್ ಎನ್ನುತ್ತಾರೆ, ಸಂಜೆಯ ಮಾತುಕತೆ ನಡೆಯುವುದು ಅಲ್ಲಿಯೇ. ಕೆಲವು ಹಳೆಯ ಕಿಟಕಿಗಳಲ್ಲಿ ಗಾಜಿನ ಬದಲು ಚಿಪ್ಪನ್ನು ತೆಳ್ಳಗೆ ಸವರಿ ಕೂಡಿಸಿರುತ್ತಾರೆ, ಒಳಗೆ ಬೆಳಕು ಬಂದರೂ ಬಿಸಿಲಿನ ಝಳ ಬರುವುದಿಲ್ಲ. ಪಟ್ಟಣದಿಂದ ಆರೇಳು ಕಿಲೋಮೀಟರ್ ದೂರದ ಕೋಲ್ವಾ, ವೆಲ್ಸಾಂವ್‌ನಿಂದ ಮೊಬೋರ್‌ವರೆಗೆ ಹೆಚ್ಚುಕಡಿಮೆ ಎಡೆಬಿಡದೆ ಹಬ್ಬಿದ ಮರಳಿನ ದಂಡೆಯ ಒಂದು ಭಾಗ. ತೀರದಲ್ಲಿ ಸಾಲಾಗಿ ನಿಲ್ಲುವ ಶ್ಯಾಕ್‌ಗಳು, ಅಂದರೆ ಬಿದಿರು ಮತ್ತು ತೆಂಗಿನ ಗರಿಗಳ ಊಟದ ಚಪ್ಪರಗಳು, ಪರವಾನಗಿಯ ಮೇಲೆ ಮಳೆಗಾಲದ ನಂತರ ಎದ್ದು ಮುಂಗಾರಿಗೆ ಮೊದಲು ಬಿಚ್ಚಿಹೋಗುತ್ತವೆ. ತೀರ ಕಾಯುವವರು ನೆಟ್ಟ ಕೆಂಪು ಬಾವುಟವಿರುವಲ್ಲಿ ನೀರಿಗಿಳಿಯಬಾರದು. ಕೆರೆ ಕಾಲುವೆಗಳಲ್ಲಿ ಈಜು ಕಲಿತ ಬಯಲುಸೀಮೆಯವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ದಂಡೆಗೆ ಬಡಿದ ನೀರು ಹಿಂದಕ್ಕೆ ಸರಿಯುವಾಗಿನ ಸೆಳೆತಕ್ಕೆ ಕೆರೆಯ ಈಜು ಸಾಟಿಯಲ್ಲ.

ವಾಸ್ಕೊ ಡ ಗಾಮಾ ಪಟ್ಟಣವನ್ನು ಪ್ರವಾಸಿಗರು ಸಾಮಾನ್ಯವಾಗಿ ಬೊಗ್ಮಾಲೊ ತೀರಕ್ಕೆ ಹೋಗುವ ದಾರಿಯೆಂದಷ್ಟೇ ಬಗೆದು ದಾಟಿಬಿಡುತ್ತಾರೆ. ಬಳ್ಳಾರಿಯವರು ಹಾಗೆ ಮಾಡಬಾರದು. ಮುರ್ಮಗೋವಾ ಬಂದರಿನಲ್ಲಿ ಇಳಿಯುವ ಕಲ್ಲಿದ್ದಲು ಇದೇ ಹಳಿಯ ಮೇಲೆ ಘಟ್ಟ ಹತ್ತಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನು ಸೇರುತ್ತದೆ. ಆ ಇದ್ದಲಿನ ಪುಡಿಯ ವಿರುದ್ಧ ಗೋವೆಯ ಜನ ವರ್ಷಗಳಿಂದ ಪ್ರತಿಭಟಿಸುತ್ತ ಬಂದಿದ್ದಾರೆ. ಬಳ್ಳಾರಿ ಜಿಲ್ಲೆಯ ಉಕ್ಕಿನ ಬೆಲೆಯಲ್ಲಿ ವಾಸ್ಕೊದ ಮನೆಗಳ ಮೇಲೆ ಕೂರುವ ಕಪ್ಪು ಧೂಳಿನ ಲೆಕ್ಕವೂ ಸೇರಬೇಕು. ಇದೇ ಊರಿನ ಬೈನಾ ತೀರದಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದವರ ದಟ್ಟವಾದ ವಸತಿಯಿತ್ತು, 2004ರಲ್ಲಿಯೂ 2015ರಲ್ಲಿಯೂ ಅಲ್ಲಿನ ಮನೆಗಳನ್ನು ಕೆಡವಲಾಯಿತು. 2011ರ ಜನಗಣತಿಯ ಪ್ರಕಾರ ಗೋವೆಯಲ್ಲಿ ಕನ್ನಡ ಮಾತೃಭಾಷೆಯವರು ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು. ಕಟ್ಟಡದ ಗಾರೆಕೆಲಸ, ಬಂದರಿನ ಹಮಾಲಿ, ತರಕಾರಿ ಮಾರಾಟ, ಹೋಟೆಲಿನ ಅಡುಗೆಮನೆ ಎಲ್ಲೆಲ್ಲೂ ಅವರ ದುಡಿಮೆಯಿದೆ. ಪ್ರವಾಸಿ ಮಲಗುವ ರೆಸಾರ್ಟಿನ ಗೋಡೆಯನ್ನು ಎಬ್ಬಿಸಿದವರು ಅವನ ಪಕ್ಕದ ತಾಲ್ಲೂಕಿನವರೇ ಆಗಿರುವುದು ಅಸಂಭವವೇನಲ್ಲ, ಆದರೂ ಮಾರ್ಗದರ್ಶಿ ಪುಸ್ತಕಗಳು ಈ ಜನರ ಬಗ್ಗೆ ಒಂದು ಸಾಲನ್ನೂ ಬರೆಯದಿರುವುದು ನೋವಿನ ಸಂಗತಿ.

ಉತ್ತರ ಗೋವೆಯ ಕಲಂಗುಟ್, ಅಂಜುನಾ ತೀರಗಳಲ್ಲಿ ಕನ್ನಡಿ ಕೂರಿಸಿದ ಚೀಲ, ಸರ, ಬಟ್ಟೆಗಳನ್ನು ಮಾರುವ ಲಂಬಾಣಿ ಹೆಣ್ಣುಮಕ್ಕಳಲ್ಲಿ ಕರ್ನಾಟಕದ ತಾಂಡಾಗಳಿಂದ ಬಂದವರು ಅನೇಕರು. ಬಳ್ಳಾರಿಗೆ ಈ ಕಸೂತಿ ಹೊಸದಲ್ಲ: ಸಂಡೂರಿನ ಲಂಬಾಣಿ ಕಸೂತಿ, ಒಂದು ಊರಿನ ವಿಶಿಷ್ಟ ಉತ್ಪನ್ನಕ್ಕೆ ಕಾನೂನು ಕೊಡುವ ಗುರುತಾದ ಭೌಗೋಳಿಕ ಸೂಚಕವನ್ನು ಪಡೆದಿದೆ. ಬಿಸಿ ಮರಳಿನ ಮೇಲೆ ದಿನವಿಡೀ ನಡೆಯುವ ಈ ವ್ಯಾಪಾರಿಗಳೊಡನೆ ಕನ್ನಡದಲ್ಲಿ ಒಂದೆರಡು ಮಾತಾಡಿ, ಹೇಳಿದ ಬೆಲೆಯನ್ನು ಅತಿಯಾಗಿ ಜಗ್ಗದೆ ಕೊಳ್ಳುವುದು ನಾಡಿನವರು ತೋರಬಹುದಾದ ಕನಿಷ್ಠ ಗೌರವ.

ಮರಳುವ ದಾರಿಯಲ್ಲಿ ಒಂದು ದಿನವನ್ನು ಘಟ್ಟದ ಬುಡದ ತಾಂಬಡಿ ಸುರ್ಲಾದ ಮಹಾದೇವ ದೇವಾಲಯಕ್ಕೆ ಮೀಸಲಿಡಬೇಕು. ಪೋರ್ಚುಗೀಸರು ಬರುವುದಕ್ಕೆ ಬಹು ಹಿಂದೆಯೇ ಗೋವೆಯನ್ನು ಆಳಿದ ಕದಂಬರ ಕಾಲದ ಈ ಗುಡಿ ಕಪ್ಪು ಬಸಾಲ್ಟ್ ಶಿಲೆಯದು. ಕಂಬಗಳ ಕೆತ್ತನೆಯನ್ನು ನೋಡುವವರಿಗೆ ಘಟ್ಟದ ಮೇಲಿನ ಕನ್ನಡ ನಾಡಿನ ಗುಡಿಗಳ ಪರಿಚಯವಿದ್ದರೆ ಇದು ಯಾವ ಪರಂಪರೆಗೆ ಸೇರಿದ್ದೆಂದು ಬೇರೆ ಹೇಳಬೇಕಾಗಿಲ್ಲ. ಮೊಲ್ಲೆಂನಿಂದ ಕಾಡಿನ ರಸ್ತೆಯಲ್ಲಿ ಹೋಗಬೇಕಾದ ಈ ತಾಣಕ್ಕೆ ಬಾಡಿಗೆ ವಾಹನವೇ ಅನುಕೂಲ, ಮತ್ತು ನೋಡಿ ಮುಗಿಸಿದ ಮೇಲೆ ಕುಳೆಂ ನಿಲ್ದಾಣಕ್ಕೆ ಬಂದರೆ ಹುಬ್ಬಳ್ಳಿಯ ಕಡೆಗೆ ಘಟ್ಟ ಹತ್ತುವ ರೈಲು ಅಲ್ಲಿಯೇ ಸಿಗುತ್ತದೆ.