ಬ್ರೇಕಿಲ್ಲದ ಸ್ಕೀ

ಓಸ್ಲೋಗೆ ಬಂದು ಮೂರು ಚಳಿಗಾಲ ಬಿದ್ದು ಎದ್ದು ಸ್ಕೀಯಿಂಗ್ ಕಲಿತೆ. ಹಿಮ ಕರಗಿದ ಮೇಲೂ ಇಲ್ಲಿನವರು ಸುಮ್ಮನೆ ಕೂರಲ್ಲ. ಗಾಲಿಯಿರೋ ಸ್ಕೀ ಕಟ್ಟಿಕೊಂಡು ಡಾಂಬರು ರಸ್ತೆಗೆ ಇಳೀತಾರೆ. ನಾನೂ ಒಂದು ಜೊತೆ ಕೊಳ್ಳಲು ಹೋದೆ.

"ಬ್ರೇಕ್ ಎಲ್ಲಿದೆ?" ಅಂದೆ. ಇಲ್ಲವಂತೆ!

ಊರಲ್ಲಿ ಅಪ್ಪನ ಸೈಕಲ್ಲಿಗೂ ಬ್ರೇಕ್ ಇರಲಿಲ್ಲ. ಕೆರೆ ಏರಿ ಇಳಿಯುವಾಗ ಹವಾಯಿ ಚಪ್ಪಲಿಯನ್ನು ಟೈರಿಗೆ ಒತ್ತಿ ನಿಲ್ಲಿಸ್ತಿದ್ದೆ. ಮಂಡಿಯ ಮೇಲೆ ಗುರುತು ಈಗಲೂ ಇದೆ. ಆಗ ನನಗೆ 11 ವರ್ಷ. ಈಗ 36, ಮನೆಯಲ್ಲಿ ಪುಟ್ಟ ಮಗಳು.

ಸ್ಕೇಟಿಂಗ್ ಬಗೆಯದು ಬಿಟ್ಟು ಕ್ಲಾಸಿಕ್ ಆರಿಸಿದೆ. ಅದರ ಒಂದು ಗಾಲಿ ಹಿಂದಕ್ಕೆ ಉರುಳಲ್ಲ, ಹಾಗಾಗಿ ಕಾಲು ಒತ್ತಿ ಮುಂದೆ ಹೋಗಬಹುದು. ಮುಂದಕ್ಕೆ ಉರುಳೋದನ್ನ ಮಾತ್ರ ಯಾವುದೂ ತಡೆಯಲ್ಲ. ಇನ್ನು ಗಾಲಿಗೂ ನಂಬರು: 1 ಜೋರು, 2 ಮಾಮೂಲು, 3 ನಿಧಾನ. ಟೀಮಿನ ಹುಡುಗರದ್ದೆಲ್ಲ 2. ಮರ್ಯಾದೆ ಪ್ರಶ್ನೆ ಅಂತ ನಾನೂ 2 ಎತ್ತಿಕೊಂಡೆ. ಬಿಲ್ ಮಾಡಿಸುವ ಹೊತ್ತಿಗೆ ಮಗಳು ನೆನಪಾಗಿ 3ಕ್ಕೆ ಬದಲಾಯಿಸಿದೆ. ಬೆವರು ಜಾಸ್ತಿ ಹರಿಯುತ್ತೆ, ಹರೀಲಿ; ಅದಕ್ಕೇ ತಾನೆ ಕೊಂಡಿದ್ದು.

ಮೊದಲ ದಿನ ಇಳಿಜಾರು ಬಂದಾಗ ಆ ಗಾಲಿಯನ್ನೂ ನಂಬದೆ, ಸ್ಕೀ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ನಡೆದೆ. 70 ದಾಟಿದ ಅಜ್ಜಿಯೊಬ್ಬರು ಗಾಲಿ ಸ್ಕೀಯಲ್ಲಿ ಪಕ್ಕದಲ್ಲೇ ಸುಯ್ಯನೆ ಇಳಿದು ಹೋಗುತ್ತಾ "ಹೈ ಹೈ" ಅಂದರು. ನಾರ್ವೆಯಲ್ಲಿ ಅದು ನಮಸ್ಕಾರ. ನನಗೆ ಎತ್ತು ಹೊಡೆದಂಗೆ ಕೇಳಿಸ್ತು.