ಬಾಲ ಹೇಳುವ ಸುದ್ದಿ

ಬೇಸಿಗೆಯ ಸಂಜೆ ಕೊಟ್ಟಿಗೆಯ ಮುಂದೆ ಕೂತು ಎಮ್ಮೆಗಳ ಬಾಲ ನೋಡುವುದು ನನ್ನ ಹವ್ಯಾಸ. ಹವ್ಯಾಸವೆಂದರೆ ಮನೆಯವರು ನಗುತ್ತಾರೆ, ಕೆಲಸವೆಂದರೆ ಇನ್ನೂ ಜೋರಾಗಿ ನಗುತ್ತಾರೆ. ನಗಲಿ. ತುಂಗಭದ್ರೆಯ ಕಾಲುವೆ ನೀರು ಹರಿಯುವ ಈ ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಕಚ್ಚುವ ನೊಣವನ್ನು ಹದ್ದುಬಸ್ತಿನಲ್ಲಿಡುವುದು ಒಂದು ವಿದ್ಯೆ. ಅದರ ಓನಾಮ ಶುರುವಾಗುವುದೇ ಬಾಲದಿಂದ.

ಎಮ್ಮೆ ನಿಂತಲ್ಲೇ ಮುಂಗಾಲು ಕುಟ್ಟುತ್ತಿದ್ದರೆ ಕೊಟ್ಟಿಗೆ ನೊಣ ಬಂದಿದೆ ಎಂದರ್ಥ. ನೋಡಲು ಮನೆ ನೊಣದಂತೆಯೇ ಇರುತ್ತದೆ, ಮೂತಿಯಲ್ಲಿ ಮಾತ್ರ ಸೂಜಿ. ಗಂಡು, ಹೆಣ್ಣು ಎರಡೂ ರಕ್ತ ಹೀರುತ್ತವೆ. ತಲೆಯನ್ನು ರಪ್ಪನೆ ಹೆಗಲ ಮೇಲೆ ಬೀಸುತ್ತಿದ್ದರೆ ಬೆನ್ನಿಗೆ ಇನ್ನೊಂದು ಸಣ್ಣ ಜಾತಿ ಮುತ್ತಿದೆ. ಅದು ಹಗಲಿರುಳು ಮೈಮೇಲೆಯೇ ಠಿಕಾಣಿ ಹೂಡಿ, ಹಸಿ ಸಗಣಿ ಬಿದ್ದಾಗ ಇಳಿದು ಮೊಟ್ಟೆಯಿಟ್ಟು ಮತ್ತೆ ಏರುತ್ತದೆ. ದೊಡ್ಡ ಕಣ್ಣಿನ ಕುದುರೆ ನೊಣ ಬಂದರಂತೂ ಮೇಯುವ ದನ ಒಂದೆಡೆ ನಿಲ್ಲುವುದಿಲ್ಲ. ಅದರಲ್ಲಿ ಕಚ್ಚುವುದು ಹೆಣ್ಣು ಮಾತ್ರ. ಚರ್ಮವನ್ನು ಕತ್ತರಿಸಿ ಒಸರಿದ ರಕ್ತ ನೆಕ್ಕುತ್ತದೆ, ಒಂದು ಮೈಯಿಂದ ಇನ್ನೊಂದಕ್ಕೆ ಸರ್ರಾ ರೋಗವನ್ನೂ ದಾಟಿಸುತ್ತದೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯವನ್ನೆಲ್ಲ ಸುತ್ತಿದ ಮೇಲೆ ನೊಣವನ್ನು ಬರೀ ಕಿರಿಕಿರಿ ಎನ್ನುವವರು ನಮ್ಮಲ್ಲಿ ಕಡಿಮೆ. ಈ ಕಾಟವೇ ಇಲ್ಲದ ಬಸವಣ್ಣ ನಾನು ಕಂಡಂತೆ ಕುರುಗೋಡಿನ ದೊಡ್ಡಬಸವೇಶ್ವರ ಒಬ್ಬನೇ, ಕಲ್ಲಿನ ಮೈಯವನು.

ನೊಣದ ವಿಷಯದಲ್ಲಿ ನಮ್ಮ ಎಮ್ಮೆಗೂ ಕಾಡಿನ ಕಡವೆಗೂ ಒಂದೇ ಬುದ್ಧಿ: ಕೆಸರಿನಲ್ಲಿ ಹೊರಳಿ ಮೈಗೆ ಮಣ್ಣು ಮೆತ್ತಿಕೊಳ್ಳುವುದು.

ಉಳಿದದ್ದಕ್ಕೆ ಹೊಗೆ. ನನಗೆ ಇದರಷ್ಟು ಖುಷಿ ಕೊಡುವ ಕೆಲಸ ಇನ್ನೊಂದಿಲ್ಲ. ಕೆಳಗೆ ಒಣ ಕುಳ್ಳು, ಅದು ಕೆಂಡವಾದ ಮೇಲೆ ಅಕ್ಕಿ ಗಿರಣಿಯ ಹೊಟ್ಟು, ಮೇಲೆ ಹಸಿ ಬೇವಿನ ಸೊಪ್ಪು. ಹೊಟ್ಟು ಉರಿಯಬಾರದು, ಒಳಗೊಳಗೇ ಕಾಯಬೇಕು. ಉರಿ ಎದ್ದರೆ ಸೊಪ್ಪು ಚಟಚಟ ಸುಟ್ಟು ಮುಗಿಯಿತು. ಹೊಗೆ ಎಮ್ಮೆಯ ಕಾಲು, ಹೊಟ್ಟೆ ಸವರಿಕೊಂಡು ತೆಳ್ಳಗೆ ಹೋಗಬೇಕೇ ಹೊರತು ಮುಖಕ್ಕೆ ಕವಿಯಬಾರದು. ಹಾಗಾಗಿ ಗಾಳಿಯ ಮೇಲೆ ಕಣ್ಣಿಡಬೇಕು. ಒಮ್ಮೆ ಆತುರಪಟ್ಟಾಗ ಪಕ್ಕದ ಮನೆಯ ಅವ್ವ ಅಂಗಳದಿಂದಲೇ ಕೂಗಿದಳು: “ತಡಿಯಪ್ಪಾ, ಗಾಳಿ ತಿರುಗ್ಲಿ. ಈಗ ಹಾಕಿದ್ರ ಹೊಗಿ ನಮ್ಮನ್ಯಾಗ, ನೊಣ ನಿಮ್ಮನ್ಯಾಗ!” ಹದ ಕುದುರಿದಾಗ ಮೊದಲು ಕಾಲು ಕುಟ್ಟುವುದು ನಿಲ್ಲುತ್ತದೆ, ಆಮೇಲೆ ಕಿವಿ ಜೋತು ಬೀಳುತ್ತದೆ, ಕೊನೆಗೆ ಮೆಲುಕು ಶುರುವಾಗುತ್ತದೆ. ಮೆಲುಕಿನ ಸದ್ದು ಕೇಳಿಸಿತೆಂದರೆ ನಾನು ಗೆದ್ದೆ.

ಬಳ್ಳಾರಿ ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ ಹೊಗೆ ಹಾಕಿದರೆ ಜಗಳವೇ ಗತಿ. ಅಲ್ಲಿ ಫ್ಯಾನು ವಾಸಿ. ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಗುಂಗಾಡುಗಳಿಗೆ ಗಾಳಿಗೆದುರಾಗಿ ಹಾರುವ ತ್ರಾಣ ಇರುವುದಿಲ್ಲ. ಔಷಧಿ ಸಿಂಪಡಿಸುವವರೂ ಉಂಟು. ಪಶುವೈದ್ಯರನ್ನು ಕೇಳಿ ಅಳತೆಯಲ್ಲಿ ಹೊಡೆದರೆ ನನ್ನ ತಕರಾರಿಲ್ಲ. ಆದರೆ ಗೊಂತಿನಡಿಯಲ್ಲಿ ಗಂಜಲ ಕುಡಿದು ಕೊಳೆಯುವ ಹುಲ್ಲನ್ನು ಹಾಗೇ ಬಿಟ್ಟು ಮೈಗೆ ಔಷಧಿ ಹೊಡೆಯುವುದು ಸೋರುವ ಕೊಡಕ್ಕೆ ನೀರು ಸೇದಿದ ಹಾಗೆ. ಕೊಟ್ಟಿಗೆ ನೊಣ ಹುಟ್ಟುವುದು ಆ ಹುಲ್ಲಿನಲ್ಲೇ, ಸೆಕೆಗಾಲದಲ್ಲಿ ಮೊಟ್ಟೆ ನೊಣವಾಗಲು ಎರಡು ಮೂರು ವಾರ ಸಾಕು. ವಾರಕ್ಕೊಮ್ಮೆ ಅದನ್ನು ಬಾಚಿ ದೂರದ ತಿಪ್ಪೆಗೆ ಹಾಕಿದರೆ, ಇಲ್ಲವೇ ಬಿಸಿಲಿಗೆ ತೆಳ್ಳಗೆ ಹರಡಿದರೆ, ನಮ್ಮ ಬಳ್ಳಾರಿಯ ಸೂರ್ಯನೇ ಮಿಕ್ಕದ್ದನ್ನು ನೋಡಿಕೊಳ್ಳುತ್ತಾನೆ.

2019ರಲ್ಲಿ ಜಪಾನಿನ ವಿಜ್ಞಾನಿಗಳು ಕರಿ ಹಸುಗಳಿಗೆ ಜೀಬ್ರಾದಂತೆ ಬಿಳಿ ಪಟ್ಟೆ ಬಳಿದರು, ಕೂರುವ ನೊಣ ಅರ್ಧಕ್ಕರ್ಧ ತಗ್ಗಿತು. 2025ರಲ್ಲಿ ಅದಕ್ಕೆ ನಗಿಸುವ ಸಂಶೋಧನೆಗೆಂದೇ ಇರುವ ಇಗ್ನೊಬೆಲ್ ಬಂತು. ನಾವೂ ಎಮ್ಮೆಗೆ ಸುಣ್ಣದ ಪಟ್ಟೆ ಎಳೆಯೋಣವೇ ಎಂದು ಅವ್ವನನ್ನು ಕೇಳಿದೆ.

“ಎಳಿಯಪ್ಪಾ. ಅದು ಕಾಲುವಿಗೆ ಇಳಿದು ಎದ್ದು ಬಂದ ಮ್ಯಾಲ ಮತ್ತ ಎಳಿ.”