ಹುಳುವಿನ ಜ್ವರ, ಚೀನೀಯರ ನಿದ್ರೆ

ಪರದೇಶದ ಚರಿತ್ರೆಯನ್ನು ಮಕ್ಕಳಿಗೆ ಕಲಿಸುವುದು ಕಷ್ಟ. ಅದನ್ನು ಕಲಿಸತಕ್ಕ ಉಪಾಧ್ಯಾಯರಿಗೆ ಕಲಿಸುವುದು ಅದಕ್ಕಿಂತಲೂ ಕಷ್ಟ. ಅಕ್ಕೂರಿನ ಸುತ್ತಮುತ್ತಣ ಕೆಲವರು ಉಪಾಧ್ಯಾಯ ಮಿತ್ರರಿಗೆ ಚೀನಾ ದೇಶದ ಮಿಂಗ್ ಮತ್ತು ಚಿಂಗ್ ವಂಶಗಳ ಕಾಲವನ್ನು ಅಂತರ್ಜಾಲದ ಸಾಮಗ್ರಿಯಿಂದ ಪರಿಚಯ ಮಾಡಿಕೊಡುವ ಕೆಲಸವು ಒಮ್ಮೆ ನನ್ನ ಪಾಲಿಗೆ ಬಂದಿತು. 1368 ರಿಂದ 1912 ರ ವರೆಗೆ ಐದೂವರೆ ಶತಮಾನ! ದೊರೆಗಳ ಹೆಸರುಗಳನ್ನು ಇವರಿಗೆ ಬಾಯಿಪಾಠ ಮಾಡಿಸಿದರೆ ಇವರು ನಾಳೆ ಮಕ್ಕಳಿಗೂ ಅದನ್ನೇ ಮಾಡಿಸುವರು. ಆದಕಾರಣ ವಂಶಾವಳಿಯನ್ನು ಬದಿಗಿಟ್ಟು ಒಂದು ಚಿತ್ರಪುಸ್ತಕವನ್ನು ಹಿಡಿದೆನು.

ಅದು ಕಾಂಗ್‌ಶಿ ಚಕ್ರವರ್ತಿಯು 1696 ರಲ್ಲಿ ಮುನ್ನುಡಿಯನ್ನು ಬರೆದು ಹೊರತರಿಸಿದ 'ಗೆಂಗ್ ಜಿ ಟು', ಎಂದರೆ ಉಳುಮೆ ನೇಯ್ಗೆಗಳ ಚಿತ್ರಾವಳಿ. 12 ನೆಯ ಶತಮಾನದಲ್ಲಿ ಲೋ ಷೂ ಎಂಬ ಅಧಿಕಾರಿಯು ರಚಿಸಿದ್ದ ಮಾದರಿಯನ್ನು ಅನುಸರಿಸಿ ಆಸ್ಥಾನದ ಚಿತ್ರಗಾರ ಜ್ಯಾವ್ ಬಿಂಗ್‌ಜೆನ್ ಇದನ್ನು ಹೊಸದಾಗಿ ಬರೆದನು. ಉಳುಮೆಗೆ 23 ಚಿತ್ರಗಳು, ನೇಯ್ಗೆಗೆ 23. ಒಂದು ಕಾಲದಲ್ಲಿ ಪಂಡಿತರೂ ದೂರ ಪ್ರಯಾಣ ಮಾಡಿ ನೋಡಬೇಕಾಗಿದ್ದ ಇಂತಹ ಪುಸ್ತಕವು ಈಗ ಮೊಬೈಲಿನಲ್ಲಿ ದೊರೆಯುತ್ತದೆ. ಆದರೆ ಹಳ್ಳಿಯ ಜಗಲಿಯಲ್ಲಿ ಸಿಗ್ನಲ್ಲನ್ನು ನೆಚ್ಚಿಕೊಂಡವನು ಕೆಟ್ಟ. ಚಿತ್ರಗಳನ್ನು ಮೊದಲೇ ಇಳಿಸಿಕೊಂಡು, ಎರಡನ್ನು ಕಾಗದದ ಮೇಲೂ ಅಚ್ಚುಮಾಡಿಸಿ ಒಯ್ದಿದ್ದೆನು.

ರೇಷ್ಮೆಯ ಭಾಗವನ್ನು ತೆರೆದೊಡನೆ ಶಿಷ್ಯರು ಗುರುಗಳಾದರು. "ಎರಡನೆಯ ನಿದ್ರೆ" ಎಂಬ ಹೆಸರಿನ ಚಿತ್ರವನ್ನು ಕಂಡು ಒಬ್ಬ ಉಪಾಧ್ಯಾಯಿನಿ, "ಇದು ಎರಡನೆ ಜ್ವರ ಅಲ್ಲವೇ ಸಾರ್?" ಎಂದರು. ಹೌದು, ಹುಳುವು ಮೇವು ಬಿಟ್ಟು, ಮಿಸುಕದೆ, ಪೊರೆ ಕಳಚುವ ಆ ಹೊತ್ತನ್ನು ನಮ್ಮವರು ಜ್ವರವೆಂದರು, ಚೀನೀಯರು ನಿದ್ರೆಯೆಂದರು. ಎರಡು ದೇಶದ ತಾಯಂದಿರು ಒಂದೇ ಹುಳುವನ್ನು ನೋಡಿ ಹೀಗೆ ಬೇರೆ ಬೇರೆ ಮರುಗಿದುದನ್ನು ಯಾವ ಪಠ್ಯಪುಸ್ತಕವು ಹೇಳೀತು? ಹಿಪ್ಪುನೇರಳೆಯು ಅಲ್ಲಿ ಮರ, ಇಲ್ಲಿ ಕುತ್ತುರು ಗಿಡ. ಅಲ್ಲಿ ಹಣ್ಣುಹುಳು ಗೂಡು ಕಟ್ಟಲು ಹುಲ್ಲಿನ ಕಂತೆ, ಕೆಳಗೆ ಬೆಚ್ಚಗೆ ಕೆಂಡ. ಇಲ್ಲಿ ಬಿದಿರಿನ ಚಂದ್ರಿಕೆ. ಗೂಡು ಬಿಡಿಸಿದ ಮೇಲೆ ದೇವತೆಗೆ ಕಾಣಿಕೆಯನ್ನೊಪ್ಪಿಸುವ ಚಿತ್ರವೂ ಉಂಟು. ಮೈಸೂರು ಸೀಮೆಯಲ್ಲಿ ಟಿಪ್ಪು ಸುಲ್ತಾನನು 1780 ರ ದಶಕದಲ್ಲಿ ರೇಷ್ಮೆಗೆ ಪ್ರೋತ್ಸಾಹ ಕೊಡುವುದಕ್ಕೆ ಸುಮಾರು ತೊಂಬತ್ತು ವರ್ಷ ಮೊದಲಿನ ಪುಸ್ತಕವಿದು.

ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ಚಿತ್ರಪ್ರದರ್ಶನವಾಗುತ್ತಿತ್ತು, ಚರಿತ್ರೆಯಾಗುತ್ತಿರಲಿಲ್ಲ. "ಈ 46 ಚಿತ್ರಗಳಲ್ಲಿ ಇಲ್ಲದಿರುವುದೇನು?" ಎಂದು ಕೇಳಿದೆನು. ಸ್ವಲ್ಪ ಹೊತ್ತು ಮೌನ. ಬಳಿಕ ಹಿರಿಯರೊಬ್ಬರು, "ಸಾಲಗಾರನಿಲ್ಲ, ಸುಂಕದವನಿಲ್ಲ, ರೋಗಬಂದ ಹುಳುವಿಲ್ಲ" ಎಂದರು. ಚಕ್ರವರ್ತಿಯು ತನ್ನ ರಾಜ್ಯವು ಹೇಗಿರಬೇಕೆಂದು ಬಯಸಿದನೋ ಅದು ಈ ಚಿತ್ರ. ಇದರ ಪಕ್ಕದಲ್ಲಿ 1601 ರ ಸೂಜೌ ನಗರವನ್ನು ಇಡಬೇಕು: ಮಿಂಗ್ ಅರಸನ ಕಂಚುಕಿ ಸುನ್ ಲುಂಗ್ ಹೇರಿದ ತೆರಿಗೆಯನ್ನು ತಾಳಲಾರದೆ ಅಲ್ಲಿನ ನೇಕಾರರು ದಂಗೆಯೆದ್ದರು, ಗೆ ಚೆಂಗ್ ಎಂಬಾತನು ಹೊಣೆಯನ್ನೆಲ್ಲ ತನ್ನ ಮೇಲೆ ಹೊತ್ತು ಸೆರೆಮನೆಗೆ ನಡೆದನು. ಬೆರಳಿನಿಂದ ಚಿತ್ರವನ್ನು ಹಿಗ್ಗಿಸುವ ವಿದ್ಯೆಯನ್ನು ಮಕ್ಕಳು ನಮಗೇ ಕಲಿಸಿಯಾರು. ಚಿತ್ರದ ಹೊರಗೆ ಉಳಿದವರನ್ನು ಹುಡುಕುವ ವಿದ್ಯೆಯನ್ನು ಮಾತ್ರ ಉಪಾಧ್ಯಾಯನೇ ಕಲಿಸಬೇಕು. ಚಿತ್ರದ ಮೇಲಿನ ಹಳೆಯ ಪದ್ಯಗಳಿಗೆ ಯಂತ್ರವು ಕೊಡುವ ಭಾಷಾಂತರವನ್ನಂತೂ ನಾನು ನಂಬಲಾರೆನು.

ಆಗ ಕಿರಿಯರೊಬ್ಬರು ಖಾರವಾಗಿಯೇ ಮಾತೆತ್ತಿದರು. 2011 ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30 ರಿಂದ 5 ಕ್ಕೆ ಇಳಿಸಿದ ವರ್ಷ, ಗೂಡಿನ ಬೆಲೆ ಬಿದ್ದು, ಅವರ ತಂದೆಯವರು ಹಿಪ್ಪುನೇರಳೆಯನ್ನು ಬುಡಸಮೇತ ಕೀಳಿಸಿದರಂತೆ. "ಚೀನಾ ಎಂದರೆ ನಮ್ಮ ಹುಡುಗರ ಮನೆಗಳಲ್ಲಿ ಬೈಗುಳ. ಅವರ ಮುಂದೆ ಈ ಚಿತ್ರ ಹಿಡಿಯಲೇ?" ಎಂದರು.

ಹಿಡಿಯಿರಿ, ನಿಮ್ಮ ತಂದೆಯವರ ಕಥೆಯನ್ನೂ ಹೇಳಿರಿ, ಸೂಜೌವಿನ ನೇಕಾರನ ಕಥೆಯನ್ನೂ ಹೇಳಿರಿ ಎಂದೆನು. ಅವರು ಒಪ್ಪಿದರೆಂದು ಹೇಳಲಾರೆ. ಹೊರಡುವಾಗ ಕಾಗದದ ಚಿತ್ರಗಳಲ್ಲಿ ಒಂದನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಅದು ಎರಡನೆಯ ನಿದ್ರೆಯ ಚಿತ್ರ.